ಸೀಡ್ಲರ್ ಸ್ಟುಡಿಯೊದ ಆನೆ

ನಾನು ಒಂದು ಹೆಣ್ಣಾನೆ. ಕಾಕನಕೋಟೆಯ ಕಾಡಿನಲ್ಲಿ, ಕಪಿಲಾ ನದಿಗೆ ಇಳಿಯುವ ಒಂದು ಹಳ್ಳದ ಮಗ್ಗುಲಲ್ಲಿ ಹುಟ್ಟಿದೆ. ಹುಟ್ಟಿದ ದಿನದ ನೆನಪು ಯಾರಿಗೂ ಇರುವುದಿಲ್ಲ, ನನಗೂ ಇಲ್ಲ. ನೆನಪಿರುವುದು ಬಿದಿರಿನ ಎಳೆ ಸುಳಿ, ದೊಡ್ಡವರ ಕಾಲುಗಳ ನಡುವಿನ ನೆರಳು, ಹಿಂಡು ನೀರಿಗಿಳಿದಾಗ ಏಳುತ್ತಿದ್ದ ಕೆಸರಿನ ವಾಸನೆ. ಅಷ್ಟರಲ್ಲೇ ಕಾಡಿನ ಬದುಕು ಮುಗಿಯಿತು.

ಮೈಸೂರು ಸರ್ಕಾರದವರು ಖೆಡ್ಡಾ ಮಾಡಿದ ವರ್ಷ ಕಾಡಿನ ಮೂರು ಕಡೆಯಿಂದ ತಮಟೆ, ಬೆಂಕಿ, ಕೂಗು ಹೊರಟವು. ನಾಲ್ಕನೆಯ ಕಡೆ ನದಿ. ಹಿಂಡು ನದಿಗಿಳಿಯಿತು. ಆಚೆ ದಡದಲ್ಲಿ ಮರದ ದಿಮ್ಮಿಗಳ ದೊಡ್ಡಿ ಬಾಯಿ ತೆರೆದು ಕಾದಿತ್ತು. ಒಳಗೆ ಹೋದೆವು, ಬಾಗಿಲು ಬಿತ್ತು. ನಾನು ಆಗ ಹಾಲು ಬಿಟ್ಟಿದ್ದೆ, ತಾಯಿಯ ಮಗ್ಗುಲು ಬಿಟ್ಟಿರಲಿಲ್ಲ. ಪಳಗಿದ ಆನೆಗಳು ನಮ್ಮ ನಡುವೆ ನುಗ್ಗಿ ಒಬ್ಬೊಬ್ಬರನ್ನೇ ಬೇರೆ ಮಾಡಿದವು. ತಾಯಿಯನ್ನು ಒಂದು ಕಡೆ ಎಳೆದೊಯ್ದರು, ನನ್ನನ್ನು ಇನ್ನೊಂದು ಕಡೆ. ಮೊದಲು ಕಿರುಚಿದೆ. ಆಮೇಲೆ ಕಿರುಚುವುದು ತಾನಾಗಿ ನಿಂತುಹೋಯಿತು. ಜೋಮು ಹಿಡಿದ ಕಾಲು ನಮ್ಮದೇ ಅಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ದೊಡ್ಡಿಯ ಪಕ್ಕದ ಅಟ್ಟಣೆಯ ಮೇಲೆ ಒಬ್ಬ ಬಿಳಿಯ ಮನುಷ್ಯ ಮೂರು ಕಾಲಿನ ಪೆಟ್ಟಿಗೆಯೊಂದರ ಹಿಡಿಕೆ ತಿರುಗಿಸುತ್ತಿದ್ದ. ಅದು ಸಿನಿಮಾ ತೆಗೆಯುವ ಕ್ಯಾಮೆರಾ ಎಂದು ಬಹಳ ಕಾಲದ ಮೇಲೆ ತಿಳಿಯಿತು. ಪ್ರೆಸ್ಕಾಟ್ ಎಂಬ ಆ ಮನುಷ್ಯನನ್ನು ಹಾಲಿವುಡ್ಡಿನ ಸೀಡ್ಲರ್ ಸ್ಟುಡಿಯೊ ಕಳಿಸಿತ್ತು. ಆನೆ ಹಿಡಿಯುವುದನ್ನು ಚಿತ್ರ ತೆಗೆದುಕೊಂಡು ಬಾ, ಸಾಧ್ಯವಾದರೆ ಒಂದು ಆನೆಯನ್ನೂ ತಾ ಎಂದು ಅವನಿಗೆ ಹೇಳಿದ್ದರಂತೆ. ಹರಾಜಿನಲ್ಲಿ ಅವನು ನನ್ನನ್ನು ಕೊಂಡ.

ನಾನು ಏನನ್ನೂ ತಿನ್ನುತ್ತಿರಲಿಲ್ಲ. ಪಕ್ಕದ ಹಾಡಿಯ ಜೇನುಕುರುಬರ ಕೇತ ಎಂಬವನು ಬಂದು ಆಲದ ಸೊಪ್ಪು ಹಿಡಿದು ಸುಮ್ಮನೆ ನಿಂತ. ಮೀಸೆ ಆಗಷ್ಟೇ ಕಪ್ಪಾಗಿತ್ತು. ಪುಸಲಾಯಿಸಲಿಲ್ಲ, ಮುಟ್ಟಲಿಲ್ಲ. ಅವನ ಕೈ ಸೋತು ಇಳಿಯುವ ಹೊತ್ತಿಗೆ ನಾನು ಸೊಪ್ಪಿಗೆ ಸೊಂಡಿಲು ಚಾಚಿದೆ. ಅವತ್ತಿನಿಂದ ಬಹಳ ವರ್ಷ ಅವನ ಕೈಯದನ್ನು ಬಿಟ್ಟು ಬೇರೆ ತಿನ್ನಲಿಲ್ಲ. ಅವನು ನನಗೆ ಕಪಿಲೆ ಎಂದು ಹೆಸರಿಟ್ಟ. ಪ್ರೆಸ್ಕಾಟ್ ಇದನ್ನೆಲ್ಲ ನೋಡಿ, ಇವನಿಲ್ಲದಿದ್ದರೆ ಆನೆ ಹಡಗಿನಲ್ಲೇ ಸಾಯುತ್ತದೆ ಎಂದು ಲೆಕ್ಕ ಹಾಕಿದ. ಒಂದು ಚಿತ್ರ ಮುಗಿಸಿ ಬಂದುಬಿಡಬಹುದು ಎಂದು ದುಭಾಷಿಯ ಕೈಲಿ ಹೇಳಿಸಿದ. ಕೇತ ತನ್ನ ಅಕ್ಕನಿಗೆ, "ಜೇನು ಕೀಳೋ ಹೊತ್ಗೆ ಬಂದ್ಬುಡ್ತೀನಿ ಕನಕ್ಕ" ಎಂದು ಹೇಳಿ ನನ್ನ ಜೊತೆ ರೈಲು ಹತ್ತಿದ.

ಹಡಗಿನ ಹೊಟ್ಟೆಯಲ್ಲಿ ಎಷ್ಟು ಕಾಲ ಇದ್ದೆವೋ ತಿಳಿಯದು. ಅವನಿಗೆ ವಾಂತಿ, ನನಗೆ ಭೇದಿ. ಇಬ್ಬರೂ ಒಂದೇ ಹುಲ್ಲಿನ ಮೇಲೆ ಮಲಗುತ್ತಿದ್ದೆವು.

ಲಾಸ್ ಏಂಜಲೀಸ್ ಆಗ ಅರ್ಧ ಊರು, ಅರ್ಧ ಕಿತ್ತಳೆ ತೋಟ. ಸ್ಟುಡಿಯೊ ಎಂದರೆ ಎತ್ತರದ ಬಿಳಿ ಗೋಡೆ, ಒಳಗೆ ಒಂದು ಸುಳ್ಳು ಪ್ರಪಂಚ. ನನ್ನ ಕೊಟ್ಟಿಗೆಯ ಎಡಕ್ಕೆ ಪ್ಯಾರಿಸಿನ ಬೀದಿ, ಬಲಕ್ಕೆ ಅರಬರ ಪಟ್ಟಣ. ಎರಡಕ್ಕೂ ಮುಂದೆ ಗೋಡೆ ಇತ್ತು, ಹಿಂದೆ ಬರೀ ಆಸರೆ ಕಂಬ. ಕೇತ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ಇರುತ್ತಿದ್ದ.

ಹರ್ಮನ್ ಸೀಡ್ಲರ್ ಗಿಡ್ಡ ಮನುಷ್ಯ. ನನ್ನ ಕಣ್ಣಿಗೆ ಮೊದಲು ಕಂಡಿದ್ದು ಅವನ ಬೋಳುತಲೆ. ಯೂರೋಪಿನ ಯಾವುದೋ ಊರಿಂದ ಬಂದು, ಕೈಗವಸು ಮಾರಿ, ಬಾಡಿಗೆಯ ಕೋಣೆಯಲ್ಲಿ ಕುರ್ಚಿ ಹಾಕಿ ಮೂಕಿ ಚಿತ್ರ ತೋರಿಸಿ, ಆ ಕುರ್ಚಿಗಳಿಂದ ಥಿಯೇಟರುಗಳನ್ನೂ ಥಿಯೇಟರುಗಳಿಂದ ಸ್ಟುಡಿಯೊವನ್ನೂ ಕಟ್ಟಿದವನು. ಅವನು ನನ್ನನ್ನು ಒಂದು ಸುತ್ತು ಹಾಕಿದ.

"ಇದಕ್ಕೆ ದಂತ ಎಲ್ಲಿ?"

"ಹೆಣ್ಣಾನೆಗೆ ದಂತ ಇರೋದಿಲ್ಲ" ಎಂದ ಪ್ರೆಸ್ಕಾಟ್.

"ನಮ್ಮಲ್ಲಿ ಇರುತ್ತೆ" ಎಂದ ಸೀಡ್ಲರ್.

ಹಾಗಾಗಿ ನನಗೆ ಪ್ಲಾಸ್ಟರಿನ ದಂತ ಕಟ್ಟಿದರು. ಹೆಸರನ್ನೂ ಬದಲಿಸಿ ಸುಲ್ತಾನ್ ಎಂದಿಟ್ಟರು. ಆಫ್ರಿಕದ ಕಾಡಿನ ಕಥೆ ತೆಗೆಯುವಾಗ, ಅಲ್ಲಿನ ಆನೆಯ ಕಿವಿ ದೊಡ್ಡದೆಂದು, ಕ್ಯಾನ್ವಾಸಿನ ದೊಡ್ಡ ಕಿವಿಗಳನ್ನು ನನ್ನ ಕಿವಿಯ ಮೇಲೆ ಹೊಲಿದು ಕಟ್ಟುತ್ತಿದ್ದರು. ಕೇತನ ಹೆಸರು ಅವರ ಬಾಯಲ್ಲಿ ಕೇಟ್ ಆಯಿತು. ಅದು ಅಲ್ಲಿ ಹೆಂಗಸರ ಹೆಸರಂತೆ. ಮೊದಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನು ಮರೆತು ಹಾಗೇ ಕರೆದರು.

ಒಂದು ಬೆಳಗ್ಗೆ ನನ್ನನ್ನು ಕಪ್ಪು ಪರದೆಯ ಮುಂದೆ ನಿಲ್ಲಿಸಿದರು. ಕೇತ ಕ್ಯಾಮೆರಾದ ಹಿಂದಿನಿಂದ, "ಎತ್ತವ್ವ" ಎಂದ. ಸೊಂಡಿಲು ಎತ್ತಿದೆ. ಅಷ್ಟೇ. ಅದು ಆ ಸ್ಟುಡಿಯೊದ ಲಾಂಛನವಾಯಿತು. ಆಮೇಲೆ ಅವರು ತೆಗೆದ ಪ್ರತಿ ಚಿತ್ರದ ಮೊದಲು ಪರದೆಯ ಮೇಲೆ ನಾನು ಸೊಂಡಿಲು ಎತ್ತುತ್ತಿದ್ದೆ. ಮಾತಿನ ಚಿತ್ರಗಳು ಬಂದ ಕಾಲದಲ್ಲಿ ನನ್ನ ಘೀಳನ್ನೂ ಸೇರಿಸಬೇಕೆಂದು ಮೈಕು ತಂದರು. ಮೂರು ಸಲ ಘೀಳಿಟ್ಟೆ. ಆನೆಯ ದನಿಯ ಹಾಗೆ ಕೇಳುವುದಿಲ್ಲ ಎಂದು ಬೇಡವೆಂದರು. ತುತ್ತೂರಿಯನ್ನೂ ಹಂದಿಯ ಕೂಗನ್ನೂ ಬೆರೆಸಿ ಬೇರೆ ದನಿ ಮಾಡಿದರು.

ಆನೆಯ ಮುಂದೆ ಯಾರೂ ದನಿ ತಗ್ಗಿಸಿ ಮಾತಾಡುವುದಿಲ್ಲ. ಅದರಿಂದ ಅವರ ವ್ಯಾಪಾರ ನನಗೂ ತಿಳಿಯಿತು. ಚಿತ್ರ ಮಾಡುವವರು, ಊರೂರಿಗೆ ಕಳಿಸುವವರು, ತೋರಿಸುವವರು ಎಲ್ಲ ಒಬ್ಬರೇ. ನಟನಟಿಯರು ವರ್ಷಗಟ್ಟಲೆಯ ಕರಾರಿಗೆ ಕಟ್ಟುಬಿದ್ದವರು. ಹೇಳಿದ ಪಾತ್ರ ಬೇಡ ಎಂದವರನ್ನು ಮನೆಯಲ್ಲಿ ಕೂರಿಸಿ, ಕೂತಷ್ಟು ಕಾಲವನ್ನೂ ಕರಾರಿಗೆ ಸೇರಿಸುತ್ತಿದ್ದರು. ಹೊರಗಿನ ಥಿಯೇಟರಿನವರಿಗೆ ಒಬ್ಬ ದೊಡ್ಡ ನಟಿಯ ಚಿತ್ರ ಬೇಕೆಂದರೆ ಅದರ ಜೊತೆಗೆ ಬೇಡದ ಒಂದಷ್ಟು ಚಿತ್ರಗಳನ್ನೂ ತೆಗೆದುಕೊಳ್ಳಬೇಕು. ನನ್ನ ಚಿತ್ರಗಳೆಲ್ಲ ಆ ಬೇಡದ ಸಾಲಿನವು.

ಕೇತ ಪ್ರತಿ ಚಿತ್ರ ಮುಗಿದಾಗಲೂ ಊರಿಗೆ ಹೋಗುತ್ತೇನೆ ಎಂದು ಕೇಳುತ್ತಿದ್ದ. ಮುಂದಿನದು ಮುಗಿಯಲಿ ಎನ್ನುತ್ತಿದ್ದರು. ಆ ಹೊತ್ತಿಗೆ ಆ ದೇಶದ ಕಾನೂನು ಬದಲಾಗಿತ್ತು. ಇಂಡಿಯಾದವನು ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದರು. ನಾನಿರುವುದು ಒಳಗೆ. ಅವನು ಕೇಳುವುದನ್ನು ನಿಲ್ಲಿಸಿದ.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಕಾಡಿನ ಚಿತ್ರಗಳ ನಾಯಕ ಆನೆಯ ಮೇಲೆ ಕೂರಲು ಹೆದರುತ್ತಿದ್ದ. ದೂರದಿಂದ ತೆಗೆಯುವಾಗ ಕೇತನ ಮೈಗೆ ಬಿಳಿಯ ಬಣ್ಣ ಬಳಿದು, ಹಳದಿ ಕೂದಲು ಕಟ್ಟಿ ನನ್ನ ಮೇಲೆ ಕೂರಿಸುತ್ತಿದ್ದರು. ಅದೇ ಚಿತ್ರದಲ್ಲಿ ಬಿಳಿಯನೊಬ್ಬ ಕಂದು ಬಣ್ಣ ಬಳಿದುಕೊಂಡು ಹಿಂದೂಸ್ತಾನದ ರಾಜನಾಗಿರುತ್ತಿದ್ದ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಹಾಗೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಕಾಡುಗಿಚ್ಚಿನ ಚಿತ್ರ ತೆಗೆಯುವಾಗ ನಿರ್ದೇಶಕ ಬೆಂಕಿ ಇನ್ನಷ್ಟು ಹತ್ತಿರ ಬೇಕು ಎಂದ. ಕೇತ ಬೇಡ ಎಂದ. ಬೆಂಕಿ ಹತ್ತಿರ ಬಂತು. ಕ್ಯಾನ್ವಾಸಿನ ಕಿವಿಗೆ ಕಿಡಿ ಹತ್ತಿತು. ನಾನು ತಲೆ ಒದರಿದೆ, ಓಡಿದೆ. ಅವನು ಬಿದ್ದ. ಸೊಂಟದ ಮೂಳೆ ಮುರಿಯಿತು. ಆ ಓಟ ಬಹಳ ಚೆನ್ನಾಗಿ ಬಂದಿದೆ ಎಂದು ಚಿತ್ರದಲ್ಲಿ ಉಳಿಸಿಕೊಂಡರು. ನಾಯಕನ ಧೈರ್ಯವನ್ನು ಪತ್ರಿಕೆಗಳು ಹೊಗಳಿದವು.

ಕೇತ ಆಸ್ಪತ್ರೆಯಲ್ಲಿದ್ದಾಗ ನಾನು ಮೇವು ಮುಟ್ಟಲಿಲ್ಲ. ಕಿವಿಗಳನ್ನು ಹೊಲಿಯುತ್ತಿದ್ದ ರೊಸಾರಿಯೊ ಸುಟ್ಟ ಕಿವಿಯ ಅಳತೆ ತೆಗೆಯಲು ಕೊಟ್ಟಿಗೆಗೆ ಬಂದಳು. ಮೆಕ್ಸಿಕೊದ ಹೆಂಗಸು, ಉಡುಪಿನ ವಿಭಾಗದಲ್ಲಿ ದರ್ಜಿ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ಅಳತೆ ತೆಗೆದು ಹೋದವಳು ಕಲ್ಲಂಗಡಿ ಹಣ್ಣು ತಂದು, ಒಡೆದು, ನನ್ನ ಮುಂದಿಟ್ಟು, ನನಗೆ ಬೆನ್ನು ಹಾಕಿ ಕುಳಿತು ಬಟ್ಟೆ ಹೊಲಿಯತೊಡಗಿದಳು. ತಿಂದೆ. ಆಮೇಲೆ ದಿನಾ ಬಂದಳು. ಕೇತ ಕುಂಟುತ್ತ ಹಿಂತಿರುಗಿದಾಗ ಅವಳು ಅಲ್ಲೇ ಕುಳಿತಿದ್ದಳು. ಮರುವರ್ಷ ಅವರು ಮದುವೆಯಾದರು. ಮಕ್ಕಳಾಗಲಿಲ್ಲ.

ದೊಡ್ಡ ಯುದ್ಧ ಬಂತು, ಮುಗಿಯಿತು. ಯುದ್ಧದ ಕಾಲ ಸ್ಟುಡಿಯೊದ ಸುಗ್ಗಿಯ ಕಾಲ. ಥಿಯೇಟರುಗಳಲ್ಲಿ ಜಾಗವಿಲ್ಲ, ಸೀಡ್ಲರನಿಗೆ ನಿದ್ದೆಯಿಲ್ಲ. ಯುದ್ಧದ ನಂತರ ಕಾನೂನು ಸಡಿಲವಾಯಿತು, ಇಂಡಿಯಾದವರು ಅಲ್ಲಿನ ಪ್ರಜೆಯಾಗಬಹುದು, ಹೋಗಿ ಬರಬಹುದು ಎಂದಾಯಿತು. ಹಿಂದೂಸ್ತಾನಕ್ಕೂ ಸ್ವಾತಂತ್ರ್ಯ ಬಂತು. ರೊಸಾರಿಯೊ ಕೊಟ್ಟಿಗೆಯಲ್ಲಿ ಕುಳಿತು, "ಹೋಗೋಣ. ನಿನ್ನ ಕಾಡು ನೋಡಬೇಕು" ಎಂದಳು.

ಸ್ಟುಡಿಯೊದ ವಾರ್ಷಿಕೋತ್ಸವಕ್ಕೆ ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಸೀಡ್ಲರ್ ಬಂದ. ಫೋಟೊದವನು ಹೋದ ಮೇಲೆ ಕೇತ ಮುಂದೆ ಬಂದ.

"ಬಾಸ್, ಊರಿಗೆ ಹೋಗಬೇಕು."

"ಹೋಗು. ಯಾರು ಬೇಡ ಅಂದರು?"

"ಇದನ್ನೂ ಕರೆದುಕೊಂಡು ಹೋಗಬೇಕು."

ಸೀಡ್ಲರ್ ಹ್ಯಾಟು ತೆಗೆದು ತಲೆ ಒರೆಸಿಕೊಂಡ. "ಕೇಟ್, ಆ ದೀಪಗಳು ಯಾರವು? ಸ್ಟುಡಿಯೊದವು. ಆ ಅರಮನೆ ಮೆಟ್ಟಿಲು ಯಾರದು? ಸ್ಟುಡಿಯೊದ್ದು. ಆನೆಯೂ ಹಾಗೇ. ನಾನು ಕೊಡಲಿಕ್ಕಾಗೋದಿಲ್ಲ, ನ್ಯೂಯಾರ್ಕಿನಲ್ಲಿ ಕೂತ ಪಾಲುದಾರರನ್ನು ಕೇಳಬೇಕು."

"ಕೇಳಿ."

"ಕೇಳ್ತೀನಿ."

ಅವನು ಕೇಳಿದನೋ ಇಲ್ಲವೋ, ಉತ್ತರ ಬರಲಿಲ್ಲ. ರೊಸಾರಿಯೊ ಮತ್ತೆ ಮಾತು ತೆಗೆದಳು. ಹಾಗಾದರೆ ನಾವಿಬ್ಬರೇ ಹೋಗಿ ಬರೋಣ ಎಂದಳು.

"ನಾನಿಲ್ಲದಿದ್ದರೆ ಅದು ತಿನ್ನೋದಿಲ್ಲ" ಎಂದ ಕೇತ.

"ತಿನ್ನುತ್ತೆ. ನಿನ್ನ ಸೊಂಟ ಮುರಿದಾಗ ನಾನು ಕೊಟ್ಟಿದ್ದನ್ನು ತಿಂದಿತ್ತು."

ಅವನು ಪೊರಕೆ ತೆಗೆದುಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಅವರು ಹೋಗಲಿಲ್ಲ. ನನಗಾಗಿ ಉಳಿದನೋ, ಹೋಗುವ ಶಕ್ತಿಯೇ ಅವನಲ್ಲಿ ಬತ್ತಿಹೋಗಿತ್ತೋ, ನಾನು ಹೇಳಲಾರೆ. ಅಕ್ಕ ಇದ್ದಾಳೋ ಇಲ್ಲವೋ ಎಂದು ಅವನು ಒಂದು ಸಲವೂ ಬಾಯಿಬಿಟ್ಟು ಅಂದದ್ದಿಲ್ಲ. ಮೈ ತಿಕ್ಕುವಾಗ ಒಂದೊಂದು ದಿನ ಒಂದೇ ಜಾಗವನ್ನು ಬಹಳ ಹೊತ್ತು ತಿಕ್ಕುತ್ತಿದ್ದ.

ಆಮೇಲಿನದು ಇಳಿಗಾಲ. ಚಿತ್ರ ಮಾಡುವವರೇ ಥಿಯೇಟರು ಇಟ್ಟುಕೊಳ್ಳಬಾರದು ಎಂದು ದೊಡ್ಡ ಕೋರ್ಟು ಹೇಳಿತು. ಸೀಡ್ಲರ್ ತಾನು ಕುರ್ಚಿಯಿಂದ ಕುರ್ಚಿ ಕಟ್ಟಿದ ಥಿಯೇಟರುಗಳನ್ನು ಮಾರಿದ. ಒಂದರ ಜೊತೆ ಇನ್ನೊಂದನ್ನು ಕಟ್ಟಿ ಮಾರುವುದೂ ನಿಂತಿತು, ನನ್ನ ಚಿತ್ರಗಳನ್ನು ಕೇಳುವವರು ಇಲ್ಲವಾದರು. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂತು. ಹಳೆಯ ಚಿತ್ರಗಳನ್ನು ಸಗಟಾಗಿ ಟಿವಿಯವರಿಗೆ ಕೊಟ್ಟರು. ಕರಾರಿನ ನಟರು ಒಬ್ಬೊಬ್ಬರೇ ಹೋದರು. ಪ್ಯಾರಿಸಿನ ಬೀದಿಯಲ್ಲಿ ಹುಲ್ಲು ಬೆಳೆಯಿತು, ಕೇತ ಅದನ್ನು ಕೊಯ್ದು ನನಗೆ ಹಾಕಿದ. ನ್ಯೂಯಾರ್ಕಿನಲ್ಲಿ ಕೂತವರು ಒಂದು ಸಭೆಯಲ್ಲಿ ಕೈಯೆತ್ತಿ ಸೀಡ್ಲರನನ್ನೇ ಹೊರಗೆ ಹಾಕಿದರು. ಗೋಡೆಯ ಮೇಲೆ ಹೆಸರು ಮಾತ್ರ ಅವನದೇ ಉಳಿಯಿತು.

ಆ ವರ್ಷಗಳಲ್ಲೇ ಒಂದು ಚಳಿಗಾಲ ರೊಸಾರಿಯೊ ಕೊಟ್ಟಿಗೆಗೆ ಬರುವುದು ನಿಂತಿತು. ಕೇತ ಎಂದಿನಂತೆ ಬೆಳಗ್ಗೆ ಬಂದು ನೀರು ಹೊಯ್ದು, ಕಾಲಿನ ಉಗುರು ಉಜ್ಜಿ, ಎಣ್ಣೆ ಹಚ್ಚಿ ಹೋಗುತ್ತಿದ್ದ. ಒಂದು ವಾರ ಕಳೆದಿರಬೇಕು. ಕಿವಿಯ ಹಿಂದೆ ಉಜ್ಜುತ್ತ, ಹೇಳಿಬಿಟ್ಟ.

"ರೊಸಾರಿಯೊ ಹೋಗ್ಬುಟ್ಲು ಕನವ್ವ. ಹೊಟ್ಟೇಲಿ ಗಡ್ಡೆ ಅಂದ್ರು. ಕುಯ್ದ್ರು. ಆಗ್ಲಿಲ್ಲ."

ಉಜ್ಜುವುದನ್ನು ನಿಲ್ಲಿಸಲಿಲ್ಲ. ಆ ಕಿವಿ ಮುಗಿಸಿ ಈಚೆಗೆ ಬಂದು ಇನ್ನೊಂದು ಕಿವಿ ಉಜ್ಜಿದ. ಅವನ ಕಣ್ಣು ಒಣಗಿತ್ತು. ನನ್ನದೂ. ನಾವಿಬ್ಬರೂ ಬಹಳ ಹಿಂದೆಯೇ ಅದನ್ನು ಕಲಿತಿದ್ದೆವು.

ಕೊನೆಗೆ ಸ್ಟುಡಿಯೊವನ್ನು ಹೋಟೆಲು ನಡೆಸುವ, ಕಾರು ನಿಲ್ಲಿಸುವ ಜಾಗಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪನಿ ಕೊಂಡಿತು. ಅವರಿಗೆ ಬೇಕಾಗಿದ್ದು ಚಿತ್ರಗಳಲ್ಲ, ಅದರಡಿಯ ಜಮೀನು. ಒಳಗಿನದ್ದನ್ನೆಲ್ಲ ಹರಾಜು ಹಾಕಿದರು. ಸಿಂಹಾಸನ, ಹಡಗಿನ ಮೂತಿ, ಸಾವಿರಾರು ಗೌನು, ಎಲ್ಲಿಗೂ ಹೋಗದ ಮೆಟ್ಟಿಲು. ನಟಿಯೊಬ್ಬಳ ಚಪ್ಪಲಿಗೆ ಜನ ನೂಕಾಡಿದರು. ಹೊಸ ಕಂಪನಿಯ ಅಧಿಕಾರಿಯೊಬ್ಬ, ಕೋಟಿನ ಚಿಕ್ಕ ವಯಸ್ಸಿನವನು, ನನ್ನ ಮುಂದೆ ನಿಂತು ಹರಾಜಿನವನಿಗೆ ಹೇಳಿದ:

"ಲಾಂಛನ ನಮ್ಮದೇ, ಅದನ್ನು ಮಾರ್ತಾ ಇಲ್ಲ. ಫಿಲ್ಮಿನಲ್ಲಿರೋ ಆನೆ ನಮಗೆ ಸಾಕು. ಇದು ಬರೀ ತಿನ್ನುತ್ತೆ."

ನನ್ನ ಸರದಿ ಬಂತು. ಹರಾಜಿನವನು ನನ್ನ ಚಿತ್ರಗಳ ಹೆಸರು ಓದಿದ. ಒಬ್ಬರೂ ಕೈಯೆತ್ತಲಿಲ್ಲ. ಒಂದು ಸರ್ಕಸ್ಸಿನವನು ಬಂದು ನನ್ನ ಹಲ್ಲು ನೋಡಿ, ವಯಸ್ಸಾಯ್ತು ಎಂದು ಹೋದ. ಸಂಜೆಯೊಳಗೆ ಯಾರೂ ಒಯ್ಯದಿದ್ದರೆ ಸೂಜಿ ಚುಚ್ಚಿ ಮುಗಿಸಲು ಡಾಕ್ಟರು ಬರುತ್ತಾರೆ ಎಂದು ಅಧಿಕಾರಿ ಹರಾಜಿನವನಿಗೆ ಮೆಲ್ಲಗೆ ಹೇಳಿದ್ದು ಕೇತನಿಗೂ ಕೇಳಿಸಿತು. ಅವನು ಕುಂಟುತ್ತ ಮುಂದೆ ಬಂದ.

"ನಾನು ಒಯ್ತೀನಿ."

"ನೀನು ಯಾರು?"

"ಇದರ ಜೊತೆ ಬಂದವನು."

ಹರಾಜಿನವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಹೆಗಲು ಕುಣಿಸಿದ. ಸುತ್ತಿಗೆ ಬಿತ್ತು. ಒಂದೇ ಮಾತಿಗೆ ನಾನು ಕೇತನವಳಾದೆ. ಅಷ್ಟು ವರ್ಷ ಯಾರನ್ನೋ ಕೇಳಬೇಕಾಗಿದ್ದ ವಿಷಯ ಅದು.

ಹಿಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬ ಮುದುಕ ಕುಳಿತಿದ್ದ. ತನ್ನದೇ ಸ್ಟುಡಿಯೊದ ಹರಾಜು ನೋಡಲು ಬಂದ ಸೀಡ್ಲರ್. ಕೋಲೂರಿಕೊಂಡು ಎದ್ದು ಬಂದ.

"ಎಲ್ಲಿಗೆ ಕರೆದುಕೊಂಡು ಹೋಗ್ತೀಯ, ಕೇಟ್?"

"ಗೊತ್ತಿಲ್ಲ."

"ನನ್ನ ಮನೆ ಹಿಂದೆ ನಿಂಬೆ ತೋಟ ಇದೆ. ನೋಡಿಕೊಳ್ಳೋರು ಯಾರೂ ಇಲ್ಲ."

ಕೇತ ಅವನ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲು ಅವನ ಹತ್ತಿರ ಇಷ್ಟು ವರ್ಷಗಳ ಲೆಕ್ಕ ಇತ್ತು.

"ಇದು ನಿಂಬೆಹಣ್ಣು ತಿನ್ನೋದಿಲ್ಲ" ಎಂದ.

"ಹುಲ್ಲೂ ಇದೆ" ಎಂದ ಸೀಡ್ಲರ್.

ಸ್ಟುಡಿಯೊದ ದೊಡ್ಡ ಗೇಟಿನಿಂದ ಹೊರಟೆವು. ಲಾರಿಗೆ ಯಾರೂ ಏರ್ಪಾಡು ಮಾಡಿರಲಿಲ್ಲ, ನಡೆದೇ ಹೋದೆವು. ಕೇತ ಮುಂದೆ, ಅವನ ಸೊಂಟ ಒಂದು ಕಡೆಗೆ ವಾಲುತ್ತಿತ್ತು. ಹಿಂದೆ ನಾನು. ನನ್ನ ಹಿಂದೆ, ನಮ್ಮ ನಡಿಗೆಗೆ ಸರಿಯಾಗಿ, ಸೀಡ್ಲರನ ಕರಿಯ ಕಾರು. ಕಾರುಗಳು ಹಾರನ್ ಹೊಡೆದವು. ಕೆಂಪು ದೀಪ ಬಂದಲ್ಲಿ ಕೇತ ನಿಂತ, ನಾನೂ ನಿಂತೆ. ಡಾಂಬರು ಬಿಸಿಯಾಗಿತ್ತು. ನೆರಳು ಸಿಕ್ಕಲ್ಲೆಲ್ಲ ಅವನು ನಿಲ್ಲಿಸಿ ಯಾರದೋ ಮನೆಯ ಪೈಪಿನಿಂದ ನನ್ನ ಕಾಲಿಗೆ ನೀರು ಬಿಟ್ಟ. ಇವತ್ತು ಏನು ಸಿನಿಮಾ ತೆಗೀತಿದ್ದಾರೆ ಎಂದು ಒಬ್ಬ ಹೆಂಗಸು ಕೇಳಿದಳು. "ಯಾವುದೂ ಇಲ್ಲ" ಎಂದ ಕೇತ.

ನಿಂಬೆ ತೋಟದ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಧ್ಯಾಹ್ನ ಇಬ್ಬರು ಮುದುಕರೂ ಮರದಡಿ ಕೂರುತ್ತಿದ್ದರು. ಸೀಡ್ಲರ್ ತನ್ನ ಚಿತ್ರಗಳ ಮಾತಾಡುತ್ತಿದ್ದ, ಕೇತ ಕೇಳುತ್ತಿದ್ದನೋ ಇಲ್ಲವೋ. ಒಮ್ಮೆ ಸೀಡ್ಲರ್ ತಾನಾಗಿಯೇ, "ನಾನು ನ್ಯೂಯಾರ್ಕಿನವರನ್ನು ಕೇಳಲೇ ಇಲ್ಲ" ಎಂದ. ಕೇತ, "ಗೊತ್ತು" ಎಂದು ಎದ್ದು ಬಂದು ನನಗೆ ನೀರಿಟ್ಟ. ಮರುದಿನವೂ ಇಬ್ಬರೂ ಅದೇ ಮರದಡಿ ಕುಳಿತರು.

ಸೀಡ್ಲರ್ ಸತ್ತ. ಮಗಳು ತೋಟ ಮಾರಿದಳು, ನನ್ನನ್ನು ಒಂದು ಚಿಕ್ಕ ಊರಿನ ಮೃಗಾಲಯಕ್ಕೆ ಕಳಿಸಿದರು. ಸಿಮೆಂಟಿನ ನೆಲ, ಒಂದು ಕೊಳ, ಕಬ್ಬಿಣದ ಬೇಲಿ. ಕೇತ ಹತ್ತಿರದಲ್ಲೇ ಒಂದು ಕೋಣೆ ಹಿಡಿದ. ಕಾವಲುಗಾರ್ತಿ ಡೋರತಿ ಒಳ್ಳೆಯವಳು. ಟಿಕೆಟ್ಟಿಲ್ಲದೆ ಅವನನ್ನು ಹಿಂದಿನ ಬಾಗಿಲಿನಿಂದ ಬಿಡುತ್ತಿದ್ದಳು. ಅವನಿಗೆ ಬಕೆಟ್ಟು ಎತ್ತಲಾಗುತ್ತಿರಲಿಲ್ಲ. ಬೇಲಿಗೆ ಒರಗಿ ನಿಂತು, "ಏನವ್ವ" ಎನ್ನುತ್ತಿದ್ದ. ಅಷ್ಟೇ ಮಾತು. ಆ ದೇಶದಲ್ಲಿ ನಮ್ಮ ಭಾಷೆ ಆಡಲು ಅವನಿಗೆ ನಾನೊಬ್ಬಳೇ ಇದ್ದೆ, ನಾನು ಉತ್ತರ ಕೊಡುವವಳಲ್ಲ.

ಒಂದು ದಿನ ಅವನು ಬರಲಿಲ್ಲ. ಮರುದಿನವೂ. ಆಮೇಲೆ ಡೋರತಿ ಬಂದು ಬೇಲಿಯ ಆಚೆ ನಿಂತು, "ಅವರು ಹೋಗಿಬಿಟ್ಟರು, ನಿದ್ದೆಯಲ್ಲೇ" ಎಂದು ನನಗೆ ಹೇಳಿದಳು. ಆನೆಗೆ ಹೀಗೆ ಬಂದು ಹೇಳುವವರು ಕಡಿಮೆ. ಅವಳು ಹಾಕಿದ ಮೇವನ್ನು ಅವತ್ತೂ ತಿಂದೆ. ರೊಸಾರಿಯೊ ಹೇಳಿದ್ದೇ ನಿಜವಾಯಿತು. ಕೇತ ಇಲ್ಲದಿದ್ದರೂ ನಾನು ತಿನ್ನುತ್ತೇನೆ. ಇದು ಅವನಿಗೆ ಆಗಲೇ ಗೊತ್ತಿದ್ದಿರಬೇಕು.

ಈಗ ನನಗೆ ಬಹಳ ವಯಸ್ಸಾಗಿದೆ. ಕೊನೆಯ ಹಲ್ಲುಗಳು ಸವೆದಿವೆ, ಡೋರತಿ ಹುಲ್ಲನ್ನು ಸಣ್ಣಗೆ ಹೆಚ್ಚಿ ಹಾಕುತ್ತಾಳೆ. ಹಗಲೆಲ್ಲ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗಾಡುತ್ತೇನೆ. ದುಃಖವಾಗಿದೆಯೇ ಎಂದು ನೋಡುವವರು ಕೇಳಿಕೊಳ್ಳುತ್ತಾರೆ. ದುಃಖವಿದ್ದರೆ ಅದು ಎಲ್ಲೋ ಇದೆ, ನನ್ನ ಕೈಗೆ ಸಿಗುವಂತಿಲ್ಲ. ಜನ ನನ್ನನ್ನು ಹೇಗೆ ಬೇಕೋ ಹಾಗೆ ಕಟ್ಟಿದರು, ಬಿಚ್ಚಿದರು. ಅವರಲ್ಲಿ ಕೆಟ್ಟವರೆಂದು ಬೊಟ್ಟು ಮಾಡಲು ಯಾರೂ ಸಿಗುವುದಿಲ್ಲ. ಒಬ್ಬೊಬ್ಬರೂ ಮುಂದಿನದು ಮುಗಿಯಲಿ ಎಂದರು, ಅಷ್ಟರಲ್ಲಿ ಬದುಕು ಮುಗಿಯಿತು.

ಹೋದ ವಾರ ಒಂದು ಲಾರಿ ಬಂತು. ಟೆಕ್ಸಾಸಿನಲ್ಲಿ ಒಂದು ಸರ್ಕಸ್ಸು ಮುಚ್ಚಿತಂತೆ. ಅಲ್ಲಿಂದ ಬಂದ ಒಂದು ಮುದಿ ಹೆಣ್ಣಾನೆಯನ್ನು ನನ್ನ ಪಕ್ಕದ ಆವರಣಕ್ಕೆ ಇಳಿಸಿದರು. ಅವಳ ಕಾಲಿನ ಮೇಲೆ ಸರಪಳಿಯ ಗಾಯದ ಕಲೆ ಇದೆ, ಒಂದು ಕಣ್ಣು ಹಾಲಿನಂತೆ ಬೆಳ್ಳಗಾಗಿದೆ. ದೊಡ್ಡಿಯ ಬಾಗಿಲು ಬಿದ್ದ ದಿನಗಳಿಂದ ಈಚೆಗೆ ನಾನು ಇನ್ನೊಂದು ಆನೆಯನ್ನು ನೋಡಿರಲಿಲ್ಲ. ಅದು ಆನೆ ಎಂದು ತಿಳಿಯಲೂ ಸ್ವಲ್ಪ ಹೊತ್ತು ಬೇಕಾಯಿತು. ಏನು ಮಾಡಬೇಕೋ ತೋಚದೆ ಮೂಲೆಗೆ ತಿರುಗಿ ನಿಂತೆ. ಮೂರು ದಿನ ಹಾಗೇ ನಿಂತೆ. ಅವಳೂ ನನ್ನನ್ನು ಕರೆಯಲಿಲ್ಲ.

ಇವತ್ತು ಬೆಳಗ್ಗೆ ಡೋರತಿ ನಡುವಿನ ಬಾಗಿಲು ತೆಗೆದಿಟ್ಟು ಹೋದಳು. ಹೊಸಬಳು ಕುರುಡುಗಣ್ಣಿನ ಕಡೆ ತಲೆ ಓರೆ ಮಾಡಿಕೊಂಡು, ಸೊಂಡಿಲಿನಿಂದ ನೆಲ ತಡವುತ್ತ ಬಂದಳು. ನನ್ನ ಪಕ್ಕದಲ್ಲಿ ನಿಂತಳು. ನನ್ನ ಕಾಲು ಮೂಸಿದಳು, ಕಿವಿಯ ಹಿಂದೆ ಮೂಸಿದಳು. ಆಮೇಲೆ ಸೊಂಡಿಲಿನ ತುದಿಯನ್ನು ಮೆಲ್ಲಗೆ ನನ್ನ ಬಾಯೊಳಗೆ ಇಟ್ಟಳು. ಆನೆಗಳು ಒಬ್ಬರಿಗೊಬ್ಬರು ಹೀಗೆ ಮಾಡುತ್ತವೆ ಎಂಬುದನ್ನೇ ನಾನು ಮರೆತಿದ್ದೆ.

ಏನೂ ಅನ್ನಿಸಲಿಲ್ಲ. ಆದರೆ ತೂಗಾಡುವುದು ನಿಂತಿತ್ತು. ಬಿಸಿಲು ಬೇಲಿ ದಾಟಿ ಕೊಳದ ಮೇಲೆ ಬರುವವರೆಗೂ ಬಾಯಿ ಮುಚ್ಚದೆ ಹಾಗೇ ನಿಂತಿದ್ದೆ.